ಕೇಳದೆ ಅಳಿಸುವುದು

ವಿಂಡೋಸ್ ಕಂಪ್ಯೂಟರ್‌ನಲ್ಲಿ ಒಂದು ಕಡತವನ್ನು ಅಳಿಸಲು ಎರಡು ದಾರಿಗಳಿವೆ. ಮೌಸ್ ಹಿಡಿದು ಆರಿಸಿ ಡಿಲೀಟ್ ಒತ್ತುವುದು ಎಲ್ಲರಿಗೂ ಗೊತ್ತಿರುವ ದಾರಿ. ಹಾಗೆ ಅಳಿಸಿದ್ದು ರಿಸೈಕಲ್ ಬಿನ್ನಿನಲ್ಲಿ ಹೋಗಿ ಕೂರುತ್ತದೆ. ಮನಸ್ಸು ಬದಲಾದರೆ ವಾಪಸು ತರಬಹುದು. ಇನ್ನೊಂದು ದಾರಿ ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್. ಅಲ್ಲಿ 'ಡೆಲ್' ಎಂದು ಬರೆದು ಕಡತದ ಹೆಸರು ಕೊಟ್ಟರೆ ಅದು ಬಿನ್ನಿಗೆ ಹೋಗುವುದಿಲ್ಲ, ನೇರವಾಗಿ ಹೋಗಿಬಿಡುತ್ತದೆ. ಆದರೂ ಈ ಹಳೆಯ ಕಮಾಂಡುಗಳಿಗೆ ಸ್ವಲ್ಪ ಸಂಕೋಚವಿದೆ. ಫೋಲ್ಡರಿನಲ್ಲಿರುವುದನ್ನೆಲ್ಲ ಅಳಿಸು ಎಂದರೆ 'ಖಚಿತವೇ, ಹೌದೋ ಅಲ್ಲವೋ' ಎಂದು ಕೇಳುತ್ತದೆ. 'ಆರ್‌ಎಂಡಿರ್' ಎಂದು ಫೋಲ್ಡರನ್ನೇ ತೆಗೆಯಹೊರಟರೆ, ಒಳಗೆ ಏನಾದರೂ ಇದ್ದರೆ 'ಇದು ಖಾಲಿ ಇಲ್ಲ' ಎಂದು ಒಪ್ಪದೆ ಕೂರುತ್ತದೆ.

ಆ ಸಂಕೋಚವನ್ನು ಬಿಡಿಸಲು ಎರಡು ಅಕ್ಷರ ಸಾಕು. '/ಎಸ್' ಅಂದರೆ ಒಳಗಿನ ಫೋಲ್ಡರುಗಳನ್ನೂ ಸೇರಿಸು. '/ಕ್ಯೂ' ಅಂದರೆ ಕ್ವಯೆಟ್, ಏನೂ ಕೇಳಬೇಡ. ಈ ಸಾಲುಗಳನ್ನು ನೋಟ್‌ಪ್ಯಾಡಿನಲ್ಲಿ ಬರೆದು ಬ್ಯಾಚ್ ಫೈಲ್ ಆಗಿ ಉಳಿಸಿಟ್ಟರೆ, ದಿನಾ ರಾತ್ರಿ ತಾನಾಗಿ ಓಡುವಂತೆ ಟಾಸ್ಕ್ ಶೆಡ್ಯೂಲರಿಗೆ ಒಪ್ಪಿಸಬಹುದು. ನಾವು ಮಲಗಿರುವಾಗ ಅದು ಅಳಿಸುತ್ತಿರುತ್ತದೆ.

ಚರ್ಚಿನ ಕಚೇರಿಯ ಕಂಪ್ಯೂಟರ್ ತುಂಬಿದೆ, ಐದು ವರ್ಷಕ್ಕಿಂತ ಹಳೆಯದನ್ನೆಲ್ಲ ಅಳಿಸುವ ಒಂದು ಬ್ಯಾಚ್ ಫೈಲ್ ಬರೆದು ಬಿಡೋಣ ಎಂದು ಯುವಜನರ ಸಭೆಯಲ್ಲಿ ಪ್ಲಸ್ ಟು ಹುಡುಗನೊಬ್ಬ ಹೇಳಿದ. ತಾಂತ್ರಿಕವಾಗಿ ಅವನ ಮಾತು ಸರಿ, 'ಫಾರ್‌ಫೈಲ್ಸ್' ಎಂಬ ಕಮಾಂಡ್ ಇರುವುದೇ ಅದಕ್ಕೆ. ಆದರೆ ನನಗೆ ಅಂದಿನಿಂದ ಒಂದು ಪ್ರಶ್ನೆ ಬಿಡುತ್ತಿಲ್ಲ. ಬೇಡವಾದದ್ದನ್ನು ತೆಗೆಯುವುದು ತಪ್ಪಲ್ಲ, ಮನೆಯನ್ನೂ ಗುಡಿಸುತ್ತೇವೆ. ಆದರೆ ಬೇಡ ಎಂಬ ತೀರ್ಮಾನವನ್ನು ಒಮ್ಮೆ ಮಾಡಿ, ಇನ್ನೂ ಹುಟ್ಟದ ಕಡತಗಳ ಮೇಲೂ ಅದನ್ನೇ ಹೊರಿಸಿ, ನಂತರ ಯಾರೂ ನೋಡದಂತೆ ಮಾಡುವುದು ಸರಿಯೇ? ಕಸ ಗುಡಿಸುವವರ ಕಣ್ಣು ನೆಲದ ಮೇಲಿರುತ್ತದೆ. ಬಿದ್ದ ಕಿವಿಯೋಲೆ ಕಂಡರೆ ಎತ್ತಿಡುತ್ತಾರೆ. ಬ್ಯಾಚ್ ಫೈಲಿಗೆ ಕಿವಿಯೋಲೆ ಎಂದರೆ ಏನೆಂದು ಗೊತ್ತಿಲ್ಲ.

ಅದಕ್ಕೆ ತಾನು ಎಲ್ಲಿ ನಿಂತಿದ್ದೇನೆ ಎಂಬುದೂ ಗೊತ್ತಿರುವುದಿಲ್ಲ. ಮೊದಲ ಸಾಲಿನಲ್ಲಿ 'ಸಿಡಿ' ಕಮಾಂಡಿನಿಂದ ಒಂದು ಫೋಲ್ಡರಿಗೆ ಹೋಗು, ಎರಡನೇ ಸಾಲಿನಲ್ಲಿ ಇಲ್ಲಿರುವುದನ್ನೆಲ್ಲ ಅಳಿಸು ಎಂದು ಬರೆದಿರುತ್ತೇವೆ. ಆ ಫೋಲ್ಡರಿದ್ದ ಪೆನ್‌ಡ್ರೈವ್ ಅಂದು ಚುಚ್ಚಿರದಿದ್ದರೆ ಮೊದಲ ಸಾಲು ಸೋಲುತ್ತದೆ. ಬ್ಯಾಚ್ ಫೈಲ್ ಅದಕ್ಕೆ ನಿಲ್ಲುವುದಿಲ್ಲ. ನಿಂತ ಜಾಗದಲ್ಲೇ ಎರಡನೇ ಸಾಲನ್ನು ನಡೆಸಿಬಿಡುತ್ತದೆ. 'ಹೋಗಲಾಗದಿದ್ದರೆ ಇಲ್ಲಿಗೇ ಮುಗಿಸು' ಎಂಬ ತುಂಡೊಂದನ್ನು ಮೊದಲ ಸಾಲಿಗೆ ಸೇರಿಸಿದರೆ ಈ ಅಪಾಯ ತಪ್ಪುತ್ತದೆ. ಬ್ಯಾಚ್ ಫೈಲ್ ಬರೆಯುವ ಯುವಕರು ದಯವಿಟ್ಟು ಇದನ್ನು ನೆನಪಿಡಿ. ದೊಡ್ಡವರಿಗೂ ಇಂಥದ್ದು ತಪ್ಪಿದ್ದಲ್ಲ. 1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ 'ಟಾಯ್ ಸ್ಟೋರಿ 2' ಚಿತ್ರ ತಯಾರಾಗುತ್ತಿದ್ದಾಗ ಒಂದು ಅಳಿಸುವ ಕಮಾಂಡ್ ಚಿತ್ರದ ಬಹುಭಾಗವನ್ನು ನುಂಗಿತು. ಬ್ಯಾಕಪ್ಪೂ ಕೆಲಸ ಮಾಡಿರಲಿಲ್ಲ. ಮಗುವಿನ ಆರೈಕೆಗಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗಾಲಿನ್ ಸುಸ್ಮನ್ ಎಂಬ ಉದ್ಯೋಗಿಯ ಮನೆ ಕಂಪ್ಯೂಟರ್‌ನಲ್ಲಿದ್ದ ಪ್ರತಿಯಿಂದ ಚಿತ್ರ ಉಳಿಯಿತು.

ಆದರೆ ಅದು ಅಪಘಾತ. ನನ್ನನ್ನು ಹೆಚ್ಚು ಕಾಡುವುದು ಬರೆದ ಹಾಗೆಯೇ ಸರಿಯಾಗಿ ನಡೆದು ಅನ್ಯಾಯ ಮಾಡುವ ಕಮಾಂಡ್. ಹಳೆಯದು ಎಂದರೆ ಬೇಡವಾದದ್ದು ಎಂಬ ನಿಯಮವನ್ನೇ ನೋಡಿ. 'ಫಾರ್‌ಫೈಲ್ಸ್' ನೋಡುವುದು ಕಡತವನ್ನು ಕೊನೆಯ ಬಾರಿ ಬದಲಾಯಿಸಿದ ದಿನಾಂಕವನ್ನು. ವಾರ್ಡಿನ ಹಿರಿಯರೊಬ್ಬರು 2009ರ ಹಬ್ಬದ ಫೋಟೋಗಳನ್ನು ನಿನ್ನೆ ತಂದುಕೊಟ್ಟರು ಎನ್ನಿ. ನಕಲು ಮಾಡಿದರೂ ಆ ದಿನಾಂಕ 2009 ಎಂದೇ ಉಳಿಯುತ್ತದೆ. ನಿನ್ನೆ ಬಂದ ಕಾಣಿಕೆ ಇಂದು ರಾತ್ರಿ ಹಳೆಯದೆಂದು ಹೋಗುತ್ತದೆ.

ವಯಸ್ಸಿನಿಂದ ಬೆಲೆ ಕಟ್ಟುವುದು ಎಷ್ಟು ಅಪಾಯ ಎಂಬುದನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆಯನ್ನು ನೆನೆಯಿರಿ. ಗೇರು ತೋಟಗಳ ಮೇಲೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು, ನಿಂತದ್ದು 2000ದಲ್ಲಿ. ಸಾಯಬೇಕಾಗಿದ್ದದ್ದು ಟೀ ಸೊಳ್ಳೆ ಎಂಬ ಕೀಟ. ಮೇಲಿನಿಂದ ಸುರಿಯುವುದಕ್ಕೆ ಗೇರು ಮರ ಯಾವುದು, ಕುಡಿಯುವ ನೀರಿನ ತೋಡು ಯಾವುದು ಎಂಬ ಭೇದವಿಲ್ಲ. ಆ ಹೆಲಿಕಾಪ್ಟರನ್ನೂ '/ಎಸ್ /ಕ್ಯೂ' ಎಂದು ನಾನು ಕರೆದರೆ ಅತಿಶಯೋಕ್ತಿ ಎನ್ನಬೇಡಿ. ಒಳಗಿನದೆಲ್ಲ ಸೇರಿಸು, ಯಾರನ್ನೂ ಕೇಳಬೇಡ ಎಂಬುದೇ ಅಲ್ಲಿಯೂ ಇದ್ದ ಆಜ್ಞೆ.

ಆ ಊರಿನಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ಕಾಯಿಲೆಗಳು ಒಂದೇ ಸುತ್ತಿನ ಮನೆಗಳಿಂದ ಅಸಹಜವಾಗಿ ಹೆಚ್ಚು ಬರುತ್ತಿವೆ ಎಂದು ಗಮನಿಸಿದರು. ಪತ್ರಕರ್ತ ಶ್ರೀಪಡ್ರೆಯವರು ಹುಟ್ಟಿನಲ್ಲೇ ಅಂಗವಿಕಲವಾದ ಕರುಗಳ ಬಗ್ಗೆ ಬಹಳ ಮುಂಚೆಯೇ ಬರೆದಿದ್ದರು. ಬಿಡಿಬಿಡಿಯಾಗಿ ನೋಡಿದರೆ ಇವು ಸಣ್ಣ ಸಂಗತಿಗಳು: ಒಂದು ಕರು, ಒಂದು ಮಗು, ಒಂದು ಮನೆಯ ಮಾನಸಿಕ ಕಾಯಿಲೆ. ವರ್ಷಗಳ ಕಾಲ ಇಟ್ಟುಕೊಂಡು ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿದಾಗ ಮಾತ್ರ ಅವು ಸಾಕ್ಷಿಯಾದವು. ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿದ್ದು 2017ರ ಜನವರಿ 10ರಂದು. ಸಿಂಪಡಣೆ ನಿಂತು ಅಷ್ಟು ಹೊತ್ತಿಗೆ ಹದಿನಾರು ವರ್ಷ ದಾಟಿತ್ತು. ಅಲ್ಲಿಯ ತಾಯಂದಿರು ಹಳೆಯ ಚೀಟಿ, ಹಳೆಯ ಎಕ್ಸ್‌ರೇಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಶಿಬಿರದಿಂದ ಶಿಬಿರಕ್ಕೆ ಒಯ್ದರು. ಐದು ವರ್ಷದ ನಿಯಮ ಆ ಚೀಲವನ್ನು ಮೂರು ಸಲ ಖಾಲಿ ಮಾಡಿರುತ್ತಿತ್ತು.

ಇನ್ನು ನಮ್ಮ ಕನ್ನಡದ ವಿಷಯ. ಇದನ್ನು ಹೊರಗಿನವರು ಬರೆಯಲಾರರು, ಹಾಗಾಗಿ ನಾನು ಸ್ವಲ್ಪ ಹೆಚ್ಚು ಹೇಳುತ್ತೇನೆ. ಯುನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡವನ್ನು ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಟೈಪ್ ಮಾಡುತ್ತಿದ್ದರು. ಒಳಗಿರುತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳು. ಫಾಂಟು ಅವನ್ನು ಕನ್ನಡವಾಗಿ ತೋರಿಸುತ್ತಿತ್ತು. ಆ ಫಾಂಟು ಇಲ್ಲದ ಕಂಪ್ಯೂಟರ್‌ನಲ್ಲಿ ಅದೇ ಕಡತ ತೆರೆದರೆ ಕೊಂಬು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಗೊಂದಲ ಕಾಣುತ್ತದೆ. ಮಲಯಾಳಂ ಮಾತ್ರ ಬಲ್ಲ ಒಳ್ಳೆಯ ಮನಸ್ಸಿನ ಸ್ವಯಂಸೇವಕನಿಗೆ ಅದು ಹಾಳಾದ ಕಡತ. ಅದು ನಮ್ಮ ಅಜ್ಜಂದಿರ ಕಾಲದ ಕನ್ನಡ ಪ್ರಾರ್ಥನಾ ಕೂಟದ ವರದಿ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಮಲಯಾಳದ ಹಳೆಯ ಫಾಂಟುಗಳ ಕಡತಗಳನ್ನು ನಾವು ತೆರೆದಾಗಲೂ ಇದೇ ಕತೆ, ಆದ್ದರಿಂದ ದೂರು ಒಬ್ಬರ ಮೇಲಲ್ಲ.

ಯುನಿಕೋಡ್ ಹೆಸರಿದ್ದರೂ ಪೂರ್ತಿ ನೆಮ್ಮದಿಯಿಲ್ಲ. ಫೋಲ್ಡರಿನ ಪಟ್ಟಿಯನ್ನು 'ಡಿರ್' ಕಮಾಂಡಿನಿಂದ ಒಂದು ಪಠ್ಯ ಕಡತಕ್ಕೆ ಬರೆಸಿದರೆ, ಸಾಮಾನ್ಯ ಕೋಡ್ ಪೇಜಿನಲ್ಲಿ ಕನ್ನಡ ಅಕ್ಷರಗಳಿಗೆ ಜಾಗವಿಲ್ಲ. ಪ್ರತಿ ಅಕ್ಷರದ ಬದಲು ಒಂದು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ನಮ್ಮ ಹೆಸರಿನ ಜಾಗದಲ್ಲಿ '????' ಎಂದು. ಇಲ್ಲಿಗೆ ನಿಂತರೆ ನಗಬಹುದು. ಆದರೆ 'ಡೆಲ್' ಕಮಾಂಡಿನ ಭಾಷೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಗೆ 'ಯಾವ ಅಕ್ಷರವಾದರೂ ಸರಿ' ಎಂಬ ಅರ್ಥವಿದೆ. ಆ ಪಟ್ಟಿಯನ್ನು ಹಾಗೆಯೇ ಅಳಿಸುವ ಕಮಾಂಡಿಗೆ ಉಣಿಸಿದರೆ, ಒಂದು ಕನ್ನಡ ಕಡತದ ಬದಲು ಅಷ್ಟೇ ಉದ್ದದ, ಅಥವಾ ಅದಕ್ಕಿಂತ ಗಿಡ್ಡ ಹೆಸರಿನ ಎಷ್ಟೋ ಕಡತಗಳು ಹೋಗಬಹುದು. ಮೊದಲ ಸಾಲಿನಲ್ಲೇ 'ಸಿಎಚ್‌ಸಿಪಿ 65001' ಎಂದು ಬರೆದರೆ ಹೆಚ್ಚಿನ ಮಟ್ಟಿಗೆ ಸರಿಯಾಗುತ್ತದೆ. ಹೆಸರು ಓದಲಾಗದವರು ಕೈಗೆ ಸಿಕ್ಕವರನ್ನೆಲ್ಲ ಒಂದೇ ಲೆಕ್ಕಕ್ಕೆ ಸೇರಿಸುವುದು 1956ರ ನವೆಂಬರ್ 1ರಿಂದ ಗಡಿಯ ಈಚೆ ಬದುಕಿದವರಿಗೆ ಹೊಸದಲ್ಲ; ಕಂಪ್ಯೂಟರಿಗೂ ಅದೇ ಅಭ್ಯಾಸ ಇರುವುದು ನನಗೆ ಸ್ವಲ್ಪ ತಮಾಷೆಯಾಗಿಯೂ ಕಂಡಿತು.

ಹಾಗಾದರೆ ಏನನ್ನೂ ಅಳಿಸಬಾರದೆ? ಎಲ್ಲವನ್ನೂ ಇಟ್ಟುಕೊಳ್ಳುವುದೇ ಒಳ್ಳೆಯತನ ಎಂದು ನಾನು ಒಪ್ಪುವುದಿಲ್ಲ. ಯಾವುದಾದರೂ ಪೇಟೆಯ ಝೆರಾಕ್ಸ್ ಅಂಗಡಿಗೆ ಹೋಗಿ ಅಲ್ಲಿಯ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರನ್ನು ಓರೆಗಣ್ಣಿನಿಂದ ನೋಡಿ. ಆಧಾರ್, ಪಾಸ್‌ಬುಕ್, ಮದುವೆ ಪ್ರಮಾಣಪತ್ರ, ರಕ್ತಪರೀಕ್ಷೆಯ ವರದಿ. ಎರಡು ರೂಪಾಯಿ ಪ್ರಿಂಟಿಗಾಗಿ ವಾಟ್ಸಾಪಿನಲ್ಲಿ ಕಳಿಸಿ ಜನ ಮರೆತುಹೋದದ್ದು. ಅಲ್ಲಿ ಸಂಜೆ ಅಂಗಡಿ ಮುಚ್ಚುವಾಗ ಎಲ್ಲವನ್ನೂ ಕೇಳದೆ ಅಳಿಸುವ ಬ್ಯಾಚ್ ಫೈಲ್ ಇದ್ದರೆ ಅದೊಂದು ಪುಣ್ಯದ ಕೆಲಸ. ಅದೇ '/ಕ್ಯೂ', ಅದೇ ಮೌನ. ವ್ಯತ್ಯಾಸ ಕಮಾಂಡಿನಲ್ಲಿಲ್ಲ, ಕಡತ ಯಾರದು ಎಂಬುದರಲ್ಲಿದೆ. ಆ ಜನರು ಪ್ರಿಂಟಿಗೆ ಮಾತ್ರ ಕೊಟ್ಟಿದ್ದರು. ಅವರ ಒಪ್ಪಿಗೆ ಅಷ್ಟಕ್ಕೇ ಮುಗಿದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ತಿರುಳೂ ಇದೇ: ಉದ್ದೇಶ ತೀರಿದ ಮೇಲೆ, ಬೇರೆ ಕಾನೂನು ಇಡಬೇಕೆಂದು ಹೇಳದಿದ್ದರೆ, ಅಳಿಸಬೇಕು.

ಮತ್ತು ಅಳಿಸಿದ್ದೇನೆ ಎಂದರೆ ನಿಜವಾಗಿ ಅಳಿಸಿರಬೇಕು. 'ಡೆಲ್' ಮಾಡುವುದು ಪುಸ್ತಕದ ಪರಿವಿಡಿಯಿಂದ ಒಂದು ಸಾಲು ಹೊಡೆದಷ್ಟೇ. ಪುಟ ಒಳಗೆ ಹಾಗೆಯೇ ಇರುತ್ತದೆ, ಅದರ ಮೇಲೆ ಬೇರೆ ಏನಾದರೂ ಬರೆಯುವವರೆಗೆ. ಹಳೆಯ ಹಾರ್ಡ್ ಡಿಸ್ಕಿನಿಂದ ಅದನ್ನು ಹೊರತೆಗೆಯುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. 'ಸೈಫರ್ /ಡಬ್ಲ್ಯೂ' ಎಂಬ ಕಮಾಂಡ್ ಖಾಲಿ ಜಾಗದ ಮೇಲೆ ಮೂರು ಸಲ ಬರೆದು ಉಜ್ಜುತ್ತದೆ, ಗಂಟೆಗಟ್ಟಲೆ ಬೇಕು. ಹೊಸ ಎಸ್‌ಎಸ್‌ಡಿಗಳ ರೀತಿ ಬೇರೆ, ಅಲ್ಲಿ ಕಳೆದದ್ದು ಬೇಗ ಕಳೆಯುತ್ತದೆ. ಹಳೆಯ ಕಂಪ್ಯೂಟರನ್ನು ಬಡ ವಿದ್ಯಾರ್ಥಿಗೆ ದಾನ ಕೊಡುವ ಮನೆಗಳು ನಮ್ಮಲ್ಲಿವೆ, ಒಳ್ಳೆಯದು. ಅದರೊಂದಿಗೆ ಅತ್ತಿಗೆಯ ಬ್ಯಾಂಕ್ ವಿವರವನ್ನೂ ದಾನ ಕೊಡಬೇಕಿಲ್ಲ.

ಕಚೇರಿಯ ಕಪಾಟಿನಲ್ಲಿರುವ ದೊಡ್ಡ ರಿಜಿಸ್ಟರುಗಳ ಪದ್ಧತಿ ಇದೆರಡರಿಂದಲೂ ಬೇರೆ. ಧರ್ಮಸಭೆಯ ಕಾನೂನಿನ 535ನೇ ವಿಧಿಯ ಪ್ರಕಾರ ಹಳೆಯ ರಿಜಿಸ್ಟರುಗಳನ್ನೂ ಜೋಪಾನವಾಗಿ ಇಡಬೇಕು. ದೀಕ್ಷಾಸ್ನಾನದ ದಾಖಲೆಯಲ್ಲಿ ಮುಂದೆ ದೃಢೀಕರಣ, ಮದುವೆ ಎಂದು ಸೇರಿಸುತ್ತಾ ಹೋಗುತ್ತಾರೆಯೇ ಹೊರತು ಇದ್ದದ್ದನ್ನು ಉಜ್ಜುವುದಿಲ್ಲ. ಬದುಕು ಬದಲಾದರೆ ಅಂಚಿನಲ್ಲಿ ಟಿಪ್ಪಣಿ ಬರುತ್ತದೆ. ಅದು ಒಬ್ಬರ ಆಸ್ತಿಯಲ್ಲ, ನಡೆದ ಸಂಗತಿಯ ಸಾಕ್ಷ್ಯ.

ಕಷ್ಟವಿರುವುದು ರಿಜಿಸ್ಟರಿಗೂ ಝೆರಾಕ್ಸ್ ಅಂಗಡಿಗೂ ನಡುವೆ ಬೀಳುವುದರಲ್ಲಿ. ಮುರಿದುಹೋದ ಮದುವೆಯೊಂದರ ಫೋಟೋಗಳು ಚರ್ಚಿನ ಕಂಪ್ಯೂಟರ್‌ನಲ್ಲಿವೆ ಎನ್ನಿ. ಅವಳು ಅಳಿಸಿ ಎನ್ನುತ್ತಾಳೆ. ಅವನು ಗಲ್ಫಿನಲ್ಲಿದ್ದಾನೆ, ಕೇಳಿದರೆ ಬೇಡ ಎನ್ನಬಹುದು. ಅದೇ ಫೋಟೋದ ಮೂಲೆಯಲ್ಲಿ ಈಗ ತೀರಿಹೋದ ಅವಳ ಅಜ್ಜಿ ನಗುತ್ತಿದ್ದಾರೆ, ಬೇರೆಲ್ಲೂ ಅವರ ಅಂಥ ಚಿತ್ರವಿಲ್ಲ. ನನ್ನನ್ನು ಕೇಳಿದರೆ, ಎಲ್ಲರೂ ನೋಡುವ ಫೋಲ್ಡರಿನಿಂದ ಅಂದೇ ತೆಗೆಯುತ್ತೇನೆ, ಅದಕ್ಕೆ ಅವಳ ಮಾತೊಂದೇ ಸಾಕು. ಅವನಿಗೆ ಒಂದು ಸಂದೇಶ ಹಾಕುತ್ತೇನೆ. ಬೇಕೆಂದರೆ ಅವನಿಗೊಂದು ಪೆನ್‌ಡ್ರೈವ್, ಅಜ್ಜಿಯ ಭಾಗವನ್ನು ಕತ್ತರಿಸಿ ಅವರ ಮಕ್ಕಳಿಗೆ ಒಂದು. ಆಮೇಲೆ ನಮ್ಮಲ್ಲಿರುವುದನ್ನು ಅಳಿಸುತ್ತೇನೆ, ಒಂದೊಂದಾಗಿ, ತೆರೆದು ನೋಡಿ. ಅರ್ಧ ದಿನ ಹೋಗುತ್ತದೆ. ಅವನು ಉತ್ತರಿಸದಿದ್ದರೆ ಎಷ್ಟು ದಿನ ಕಾಯಬೇಕು ಎಂಬುದನ್ನು ನಾನಿನ್ನೂ ತೀರ್ಮಾನಿಸಿಲ್ಲ. ನಮ್ಮ ಧರ್ಮಗುರುಗಳು ಮೂರು ತಿಂಗಳು ಎನ್ನುತ್ತಾರೆ, ನನಗೆ ಅದು ಅವಳ ಮಟ್ಟಿಗೆ ಬಹಳ ಹೆಚ್ಚೆನಿಸುತ್ತದೆ.