ಹೆಗಲಿಗೊಂದು ಸಾಕ್ಷಿ

ಮೂವತ್ತು ವರ್ಷ ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹ ಹೇಳಿಕೊಟ್ಟವನು ನಾನು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದ್ದೇ ಇದೆ ಎಂಬುದನ್ನು ನಿದ್ದೆಗಣ್ಣಲ್ಲೂ ವಿವರಿಸಬಲ್ಲೆ. ಹೆಂಡತಿ ಎರಡು ವರ್ಷದಿಂದ ಬಲಹೆಗಲು ನೋಯುತ್ತದೆ ಅನ್ನುತ್ತಿದ್ದಳು. ನನಗೆ ಹೊಗೆಯೇ ಕಾಣಲಿಲ್ಲ. ಊತವಿಲ್ಲ, ಕೆಂಪಾಗಿಲ್ಲ, ಎಕ್ಸ್‌ರೇಯಲ್ಲಿ ಮೂಳೆ ನೆಟ್ಟಗಿದೆ. ‘ವಾಯು ಇರಬೇಕು’ ಅಂದುಬಿಟ್ಟೆ.

ಕಡೆಗೆ ಮೈಸೂರಿನ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಹೋದೆವು. ಸಾಲಿನಲ್ಲಿ ಕೂತವರೆಲ್ಲ ಬಸುರಿಯರು, ನಡುವೆ ಅರವತ್ತೆಂಟರ ಇವಳು. ಗೋಡೆಯ ಮೇಲೆ ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಬೋರ್ಡು. 1994ರ ಕಾಯ್ದೆ ಹಾಕಿಸಿದ್ದು. ನನ್ನ ಕಣ್ಣು ಆ ‘ಲಿಂಗ’ದ ಮೇಲೇ ನೆಟ್ಟಿತು. ನ್ಯಾಯಸೂತ್ರದಲ್ಲಿ ಲಿಂಗವೆಂದರೆ ಗುರುತು. ಇಚ್ಛೆ, ದ್ವೇಷ, ಪ್ರಯತ್ನ, ಸುಖ, ಜ್ಞಾನಗಳ ಹಾಗೆ ದುಃಖವೂ ಆತ್ಮ ಇದೆಯೆಂಬುದಕ್ಕೆ ಒಂದು ಲಿಂಗ. ನೈಯಾಯಿಕರಿಗೆ ನೋವು ಮೈಯ ಗುಣವಲ್ಲ, ಆತ್ಮದ ಗುಣ. ಹಾಗಾದರೆ ಒಳಗಿನ ಆ ಯಂತ್ರ ಏನನ್ನು ಹುಡುಕೀತು?

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ತಣ್ಣನೆಯ ಜೆಲ್ ಹಚ್ಚಿದರು. ಚರ್ಮಕ್ಕೂ ಪ್ರೋಬಿಗೂ ನಡುವೆ ಚೂರು ಗಾಳಿ ಉಳಿದರೂ ಸದ್ದು ಅಲ್ಲಿಂದಲೇ ಹಿಂದಿರುಗುತ್ತದಂತೆ. ಸೆಕೆಂಡಿಗೆ ಕೋಟಿ ಸಲ ಕಂಪಿಸುವ, ಯಾವ ಕಿವಿಗೂ ಕೇಳದ ಸದ್ದು. ಪರದೆಯಲ್ಲಿ ಸ್ನಾಯು ಸೀಳಿದ ಅಡಕೆ ದಬ್ಬೆಯ ಹಾಗೆ, ಕಪ್ಪಿನ ನಡುವೆ ಬಿಳಿ ಎಳೆ ಎಳೆಯಾಗಿ ಕಂಡಿತು. ಬಲಗಡೆ ಎಲ್ಲೂ ಏನೂ ಹರಿದಿರಲಿಲ್ಲ. ಹೋಲಿಸಿ ನೋಡಲು ಎಡಗಡೆ ಇಟ್ಟರು. ಅಲ್ಲಿ ಸ್ನಾಯುರಜ್ಜು ಹರಿದಿತ್ತು.

‘ಇಲ್ಲಿ ನೋವಿದೆಯಾ ಅಮ್ಮ?’

‘ಇಲ್ಲವಲ್ಲ!’

ಈ ವಯಸ್ಸಿಗೆ ಇದು ಮಾಮೂಲು, ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ ಅಂದರು. ಹೊಗೆಯಿದ್ದೂ ಬೆಂಕಿಯಿಲ್ಲದ ಹೆಗಲು! ಶಾಸ್ತ್ರ ಇದನ್ನು ಒಪ್ಪದು. ಬಲಹೆಗಲಿಗೆ ಮಾತ್ರ ಶಾಸ್ತ್ರದಲ್ಲೇ ಉದಾಹರಣೆಯಿದೆ: ಕಾದ ಕಬ್ಬಿಣದ ಗುಂಡು. ಬೆಂಕಿಯುಂಟು, ಹೊಗೆಯಿಲ್ಲ. ವರ್ಷವರ್ಷವೂ ಹುಡುಗರಿಗೆ ಅದನ್ನು ಹೇಳಿ ಮನೆಗೆ ಬಂದು ಊಟಕ್ಕೆ ಕೂರುತ್ತಿದ್ದೆ.

ಡಾಕ್ಟರು ಮತ್ತೆ ಬಲಗಡೆಗೆ ಬಂದು, ಕತ್ತಿನ ಬುಡದಿಂದ ಪ್ರೋಬನ್ನು ಒತ್ತುತ್ತಾ ಸಾಗಿದರು. ‘ಅಲ್ಲೇ’ ಅಂದಳು ಇವಳು, ಹಲ್ಲು ಕಚ್ಚಿ. ಪರದೆಯಲ್ಲಿ ಒಂದು ಸಣ್ಣ ಕಪ್ಪು ಮಚ್ಚೆ. ಅಮೆರಿಕದಲ್ಲಿ ಸಿದ್ಧಾರ್ಥ ಸಿಕ್ದರ್ ಮತ್ತು ಜೊತೆಗಾರರು ಹೆಗಲಿನ ಸ್ನಾಯು ಬಿಗಿದು ಆಗುವ ಇಂಥ ಗಂಟುಗಳನ್ನು 2009ರಲ್ಲೇ ಅಲ್ಟ್ರಾಸೌಂಡಿನಲ್ಲಿ ತೋರಿಸಿದ್ದರೆಂದು ಆಮೇಲೆ ಓದಿದೆ. ಸ್ನಾಯು ಕಂಪಿಸುವಂತೆ ಮಾಡಿದರೆ ಬಿಗಿದ ಜಾಗ ಸುತ್ತಲಿನದಕ್ಕಿಂತ ಕಡಿಮೆ ಅಲುಗುತ್ತದೆ.

‘ಹಾಗಾದರೆ ಅದೇ ನೋವು?’ ಗೆದ್ದವನಂತೆ ಕೇಳಿದೆ.

‘ಇಂಥದ್ದು ನೋಯದವರಲ್ಲೂ ಸಿಗುತ್ತೆ ಸಾರ್. ಅಮ್ಮ ಅಲ್ಲೇ ಅಂದರಲ್ಲ, ಅದಕ್ಕೇ ಗುರುತು ಹಾಕಿಕೊಂಡೆ.’

ನಿಜವನ್ನು ತಿಳಿಯಲು ನ್ಯಾಯಶಾಸ್ತ್ರ ಹೇಳುವ ದಾರಿಗಳಲ್ಲಿ, ಅಂದರೆ ಪ್ರಮಾಣಗಳಲ್ಲಿ, ನಾಲ್ಕನೆಯದು ಶಬ್ದ. ಆಪ್ತನ ಮಾತು; ಇದ್ದದ್ದನ್ನು ಇದ್ದ ಹಾಗೆ ಹೇಳುವವನೇ ಆಪ್ತ. ಪರೀಕ್ಷೆಯಲ್ಲಿ ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಅದು. ಉದಾಹರಣೆಗೆ ಋಷಿಗಳನ್ನು ಕರೆತರುತ್ತಿದ್ದೆ, ಅಡುಗೆಮನೆಯತ್ತ ತಿರುಗಿದ್ದಿಲ್ಲ.

ಆಟೋ ಹತ್ತುವಾಗ ಅವಳು ಚೀಲವನ್ನು ಎಡಹೆಗಲಿಗೆ ಹಾಕಿಕೊಂಡಳು.

‘ಅದು ಹರಿದಿದೆಯಂತೆ ಕಣೇ’ ಅಂದೆ.

‘ನೋಯಲ್ವಲ್ಲರೀ’ ಅಂದಳು.