ಕಸಬರಿಗೆ ಯಾರ ಕೈಗೆ, ನೋಟ್‌ಬುಕ್ ಯಾರ ಕೈಗೆ?

☸️ *ದಿನದ ಧಮ್ಮ ಚಿಂತನೆ*



ಎನ್ನೆಸ್ಸೆಸ್ ಶಿಬಿರದ ಕಾಲ ಬಂತೆಂದರೆ ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಿಗೆ ಐವತ್ತು ಮಕ್ಕಳು ಹಾಸಿಗೆ ಸುತ್ತಿಕೊಂಡು ಬರುತ್ತಾರೆ. ಏಳು ದಿನ ಶಾಲೆಯಲ್ಲೋ ಸಮುದಾಯ ಭವನದಲ್ಲೋ ವಾಸ. ಬೆಳಿಗ್ಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ಸಂಜೆ ಹಾಡು, ನಾಟಕ. ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ. ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು, ಒಂದು ಶಿಬಿರ ಮುಗಿಸಬೇಕು. ಕೊನೆಗೆ ಸರ್ಟಿಫಿಕೇಟ್ ಸಿಗುತ್ತದೆ.

ನಮ್ಮ ಓದಿನ ಬಳಗದಲ್ಲಿ ಒಬ್ಬ ತಾಯಿ ಈ ಬಗ್ಗೆ ಕೇಳಿದರು: "ನಮ್ಮವ್ವ ಊರಿನ ಚಾವಡಿ ಮುಂದ ಬಿಟ್ಟಿ ಕಸ ಹೊಡದಳು. ಅದಕ್ಕ ಯಾರೂ ಸೇವಾ ಅನ್ನಲಿಲ್ಲ. ಈಗ ಮಗಳನ್ನ ಕಾಲೇಜಿಗೆ ಕಳಿಸಿದ್ರ ಅಲ್ಲೂ ಕಸಬರಿಗಿ ಕೊಟ್ಟಾರ. ಹೋಗು ಅನ್ನಲೋ, ಬ್ಯಾಡ ಅನ್ನಲೋ?"

ಯಾವ ಕೆಲಸವೂ ಕೀಳಲ್ಲ ಎಂದು ಹೇಳಿ ಆಕೆಯನ್ನು ಕೂರಿಸಬಹುದಿತ್ತು. ಆದರೆ ಆ ಮಾತನ್ನು ಹೆಚ್ಚಾಗಿ ಹೇಳುವವರು ಆ ಕೆಲಸ ಮಾಡದವರೇ. ಹೊಟ್ಟೆ ಕೆಟ್ಟು ತನ್ನ ಮಲದಲ್ಲೇ ಬಿದ್ದಿದ್ದ ಭಿಕ್ಷುವನ್ನು ಬುದ್ಧ ಭಗವಾನರು ಆನಂದನ ಜೊತೆ ಸೇರಿ ತಾವೇ ತೊಳೆದರು, ನಿಜ. ಅದು ಅವರ ಹುಟ್ಟಿಗೆ ಯಾರೋ ಕಟ್ಟಿದ ಕೆಲಸವಾಗಿರಲಿಲ್ಲ. ಬೇಡವೆಂದಿದ್ದರೆ ಅವರ ಮನೆಗೆ ಯಾರೂ ನೀರು ನಿಲ್ಲಿಸುತ್ತಿರಲಿಲ್ಲ. ಆ ತಾಯಿಯ ಅವ್ವನಿಗೆ ಬೇಡವೆನ್ನುವ ದಾರಿಯೇ ಇರಲಿಲ್ಲ. ದಾನಕ್ಕೂ ಬಿಟ್ಟಿಗೂ ಇರುವ ವ್ಯತ್ಯಾಸ ಇಷ್ಟೇ. ಕೆಲಸ ಒಂದೇ, ಕಸಬರಿಗೆಯೂ ಒಂದೇ. ಒಲ್ಲೆ ಎನ್ನಬಲ್ಲವರು ಮಾಡಿದರೆ ದಾನ, ಎನ್ನಲಾಗದವರು ಮಾಡಿದರೆ ಬಿಟ್ಟಿ.

ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿದೆ ಎಂಬುದು ನಮಗೆಲ್ಲ ಗೊತ್ತು. ಅದರ ಎರಡನೇ ಭಾಗವನ್ನು ಓದುವವರು ಕಡಿಮೆ. ಸಾರ್ವಜನಿಕ ಉದ್ದೇಶಕ್ಕಾಗಿ ಸರ್ಕಾರ ಕಡ್ಡಾಯ ಸೇವೆ ಕೇಳಬಹುದು, ಆದರೆ ಧರ್ಮ, ಜನಾಂಗ, ಜಾತಿ, ವರ್ಗದ ಕಾರಣಕ್ಕೆ ಅದರಲ್ಲಿ ಭೇದ ಮಾಡಕೂಡದು ಎಂದಿದೆ ಅಲ್ಲಿ. ಅಂದರೆ ದೇಶಸೇವೆಗೆ ಕರೆದರೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕರೆಯಬೇಕು. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು: ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ, ಏಕೆಂದರೆ ಹಸಿವೂ ಒಂದು ಬಲವಂತ.

ಈಗ ಕೂಟದಂತ ಸುತ್ತ ನೆನೆಯಿರಿ. ದೊಡ್ಡ ಯಜ್ಞ ಮಾಡಹೊರಟ ಬ್ರಾಹ್ಮಣನಿಗೆ ಭಗವಾನರು ಮಹಾವಿಜಿತ ರಾಜನ ಕಥೆ ಹೇಳುತ್ತಾರೆ. ರಾಜ್ಯದಲ್ಲಿ ಕಳ್ಳರ ಕಾಟ. ದಂಡಿಸಿದರೆ ಅದು ನಿಲ್ಲದು ಎನ್ನುತ್ತಾನೆ ಪುರೋಹಿತ. ಬೇಸಾಯಗಾರನಿಗೆ ಬೀಜ ಕೊಡು, ದನ ಸಾಕುವವನಿಗೆ ಮೇವು ಕೊಡು, ವ್ಯಾಪಾರಿಗೆ ಬಂಡವಾಳ ಕೊಡು, ನೌಕರನಿಗೆ ಅನ್ನ, ಸಂಬಳ ಕೊಡು ಎನ್ನುತ್ತಾನೆ. ಯಜ್ಞ ನಡೆಯುವುದು ಅದಾದ ಮೇಲೆ. ಆ ಯಜ್ಞದಲ್ಲಿ ಪ್ರಾಣಿ ಸಾಯುವುದಿಲ್ಲ. ಆಳುಗಳು ದೊಣ್ಣೆಗೆ ಹೆದರಿ ಅಳುತ್ತಾ ದುಡಿಯುವುದಿಲ್ಲ. ಇಷ್ಟವಿದ್ದವರು ಮಾಡಿದರು, ಇಲ್ಲದವರು ಬಿಟ್ಟರು. ಕ್ರಮ ಗಮನಿಸಿ: ಮೊದಲು ಜೀವನೋಪಾಯ, ಆಮೇಲೆ ಸ್ವಯಂಸೇವೆ. ನಮ್ಮ ಹಳ್ಳಿಗಳಲ್ಲಿ ಶ್ರಮದಾನ ಮೊದಲು ಬರುತ್ತದೆ. ಬೀಜದ ಮಾತು ಸಮಾರೋಪ ಭಾಷಣದಲ್ಲೂ ಬರುವುದಿಲ್ಲ.

ಹಾಗಾದರೆ ಆ ತಾಯಿಗೆ ಏನು ಹೇಳುವುದು? ಮಗಳು ಹೋಗಲಿ, ಕಣ್ಣು ತೆರೆದು ಹೋಗಲಿ. ಕೆಲಸ ಸರದಿಯ ಮೇಲೆ ಹಂಚುತ್ತಾರೋ, ಮುಖ ನೋಡಿ ಹಂಚುತ್ತಾರೋ ನೋಡಲಿ. ದಿನವೂ ಒಬ್ಬರ ಕೈಗೆ ಮೈಕು, ಇನ್ನೊಬ್ಬರ ಕೈಗೆ ಕಸಬರಿಗೆ ಬರುತ್ತಿದ್ದರೆ ಕೇಳಬೇಕು. ಜಾಥಾ ಕೇರಿಯೊಳಗೆ ಬರುತ್ತದೋ, ದೇವಸ್ಥಾನದ ಮುಂದೆಯೇ ತಿರುಗುತ್ತದೋ? ಕೇರಿಯ ಹೆಣ್ಣುಮಕ್ಕಳು ಶಿಬಿರದ ಅಡುಗೆ ಮಾಡಿದರೆ ಎಲ್ಲರೂ ಉಣ್ಣುತ್ತಾರೋ? ಸರದಿ ನ್ಯಾಯವಾಗಿದ್ದರೆ, ಊರಿನ ಗೌಡರ ಮಗನೂ ಆಕೆಯ ಪಕ್ಕದಲ್ಲಿ ಚರಂಡಿಗೆ ಇಳಿದರೆ, ಆಕೆಯೂ ಇಳಿಯಲಿ. ಆ ದಿನ ಆ ಹುಡುಗ ಕಲಿಯುವುದೇ ಹೆಚ್ಚು.

ಎನ್ನೆಸ್ಸೆಸ್ ಘೋಷವಾಕ್ಯ "ನನಗಲ್ಲ, ನಿನಗೆ." ಅನಾತ್ಮ ಓದಿದವರಿಗೆ ಹಿಡಿಸುವ ಮಾತು, ಒಪ್ಪೋಣ. ಆದರೆ ನಮ್ಮ ಮಕ್ಕಳ ಮಟ್ಟಿಗೆ ಅದು ತೊಡಕಿನದೂ ಹೌದು. ಶಿಬಿರ "ನೀನು" ಎಂದು ಕರೆಯುವ ಬಡವಿ ಇವರ ಸ್ವಂತ ಅವ್ವ. ಅವಳು ಅಲ್ಲೇ ಹತ್ತಿರದಲ್ಲಿ ಕಾಲುವೆ ನೀರಿನ ಗದ್ದೆಯಲ್ಲಿ ನಾಟಿ ಹಚ್ಚುತ್ತಿರುತ್ತಾಳೆ, ಇಲ್ಲವೇ ಮೆಣಸಿನಕಾಯಿ ಬಿಡಿಸುತ್ತಿರುತ್ತಾಳೆ, ಇಲ್ಲವೇ ಗುಳೆ ಹೋಗಿರುತ್ತಾಳೆ. ಅವಳಿಗೆ ಬೇಕಿರುವುದು ಗುಡಿಸಿದ ಬೀದಿಯೊಂದೇ ಅಲ್ಲ. ಓದು ಬಂದವರು ಜೊತೆಯಲ್ಲಿ ಕುಳಿತು ಕಾಗದ ನೋಡಬೇಕು.

ಅದಕ್ಕೆ ಒಂದು ಮಧ್ಯಾಹ್ನ ಸಾಕು. ಭೂಮಿಯಿಲ್ಲದ ಕೂಲಿ ಹೆಣ್ಣುಮಕ್ಕಳಿಗೆ ಅರ್ಧ ಸಹಾಯಧನ, ಅರ್ಧ ಸಾಲದಲ್ಲಿ ಜಮೀನು ಕೊಡಿಸುವ ಭೂ ಒಡೆತನ ಯೋಜನೆಗೆ ಕೇರಿಯಲ್ಲಿ ಯಾರು ಅರ್ಜಿ ಹಾಕಿದ್ದಾರೆ? ಗಂಗಾ ಕಲ್ಯಾಣದ ಬೋರ್‌ವೆಲ್ ಕೊರೆದ ಮೇಲೆ ಕರೆಂಟು ಬಂತೇ? ಸರ್ಕಾರ ಮಂಜೂರು ಮಾಡಿದ ಜಮೀನು ಈಗ ಯಾರ ಹೆಸರಿನ ಪಹಣಿಯಲ್ಲಿದೆ? ಅಂಥ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಮರಳಿ ಕೇಳಬಹುದು. 2023ರ ತಿದ್ದುಪಡಿಯಿಂದ ಅದಕ್ಕೆ ಕಾಲಮಿತಿಯೂ ಇಲ್ಲ. ನಾಟಿಗೆ ಗಂಡಾಳಿಗೆ ಎಷ್ಟು ಕೂಲಿ, ಹೆಣ್ಣಾಳಿಗೆ ಎಷ್ಟು?

ಈ ಸಲ ಶಿಬಿರಕ್ಕೆ ಹೋಗುವ ಮಕ್ಕಳಿರುವ ಮನೆಯವರು ಅವರ ಚೀಲದಲ್ಲಿ ಒಂದು ನೋಟ್‌ಬುಕ್ ಇಡಿ. ಮನೆಯ ಹೆಸರು, ಸರ್ವೆ ನಂಬರು, ಅರ್ಜಿ ಕೊಟ್ಟ ತಾರೀಕು ಬರೆದುಕೊಂಡು ಬರಲಿ. ಮುಂದಿನ ಭಾನುವಾರ ಬುದ್ಧ ವಂದನೆ ಮುಗಿದ ಮೇಲೆ ಒಂದೊಂದೇ ತೆಗೆದು ನೋಡೋಣ. ಪಹಣಿ ಓದಲು ಬರುವ ಹಿರಿಯರು ದಯವಿಟ್ಟು ಕನ್ನಡಕ ಮರೆಯದೆ ಬನ್ನಿ.

ಭವತು ಸಬ್ಬ ಮಂಗಲಂ. ಜೈ ಭೀಮ್ 🙏