ಅನ್ನವಾಗುವ ಜೀವದ ಪ್ರಶ್ನೆ

ಬಾದರಾಯಣರ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಜಗತ್ಕಾರಣನಾದ ಈಶ್ವರನ ಮೇಲೆ ಬರುವ ಎರಡು ಆರೋಪಗಳ ವಿಚಾರವಿದೆ. ಒಂದು ವೈಷಮ್ಯ, ಎಂದರೆ ಕೆಲವರಿಗೆ ಸುಖವನ್ನೂ ಕೆಲವರಿಗೆ ದುಃಖವನ್ನೂ ಹಂಚುವ ಪಕ್ಷಪಾತ. ಇನ್ನೊಂದು ನೈರ್ಘೃಣ್ಯ, ಎಂದರೆ ಕನಿಕರವಿಲ್ಲದಿರುವಿಕೆ. ಶಂಕರರು ತಮ್ಮ ಭಾಷ್ಯದಲ್ಲಿ ಸುಖಿಗಳಾದ ದೇವತೆಗಳು, ದುಃಖಿಗಳಾದ ಪಶುಗಳು, ನಡುವಿನ ಮನುಷ್ಯರು ಎಂಬ ತಾರತಮ್ಯವನ್ನು ಮುಂದಿಟ್ಟುಕೊಂಡು ಈ ಆರೋಪವನ್ನು ಎದುರಿಸುತ್ತಾರೆ. ಆದರೆ ಅದೇ ಆರೋಪ ಕಡಲ ಏಡಿಯ ಹೊಟ್ಟೆಯ ಕೆಳಗೆ, ಇನ್ನೂ ಒಡೆಯದ ಮೊಟ್ಟೆಗಳ ನಡುವೆ, ಇದಕ್ಕಿಂತ ಬಿಗಿಯಾದ ರೂಪ ತಾಳುತ್ತದೆ.

ಹೆಣ್ಣೇಡಿ ತನ್ನ ಮೊಟ್ಟೆಗಳನ್ನು ಎಲ್ಲೋ ಇಟ್ಟು ಹೋಗುವುದಿಲ್ಲ; ಹೊಟ್ಟೆಯ ಕೆಳಗೆ ಮಡಚಿಕೊಂಡಿರುವ ಅಗಲವಾದ ಮುಚ್ಚಳದ ಒಳಗೆ, ಸಣ್ಣ ಕಾಲುಗಳ ಕೂದಲಿಗೆ ಅಂಟಿಸಿಕೊಂಡು, ಮರಿಯಾಗುವ ತನಕ ಹೊತ್ತು ತಿರುಗುತ್ತದೆ. ಇಂಥ ಮೊಟ್ಟೆರಾಶಿಯನ್ನೇ ನಂಬಿ ಬದುಕುವ ಹುಳುಗಳಿಗೆ ಪ್ರಾಣಿಶಾಸ್ತ್ರಜ್ಞರು ಕಾರ್ಸಿನೋನಿಮರ್ಟಿಸ್ ಎಂದು ಹೆಸರಿಟ್ಟಿದ್ದಾರೆ. ಇವು ರಿಬ್ಬನ್ ಹುಳುಗಳ ಕುಲಕ್ಕೆ ಸೇರಿದವು, ದಾರದ ತುಣುಕಿನಷ್ಟು ಸಣ್ಣವು. ಏಡಿ ಮೊಟ್ಟೆಯಿಡುವ ತನಕ ಮರಿಹುಳು ಅದರ ಕಿವಿರುಗಳ ಪದರದಲ್ಲೋ ಚಿಪ್ಪಿನ ಸಂದಿನಲ್ಲೋ ಕಾದು ಕುಳಿತಿರುತ್ತದೆ, ಏಡಿ ಪೊರೆ ಕಳಚಿದರೆ ಹಳೆಯ ಚಿಪ್ಪನ್ನು ಬಿಟ್ಟು ಹೊಸ ಮೈಗೆ ದಾಟಿಕೊಳ್ಳುತ್ತದೆ, ಗಂಡೇಡಿಯ ಮೇಲಿದ್ದರೆ ಕೂಡುವ ಹೊತ್ತಿನಲ್ಲಿ ಹೆಣ್ಣಿನ ಮೈಗೆ ಹರಿಯುತ್ತದೆ. ಮೊಟ್ಟೆ ಬಂದೊಡನೆ ರಾಶಿಯೊಳಗೆ ಸೇರಿ, ಬಾಯಿಯ ಮುಳ್ಳಿನಿಂದ ಒಂದೊಂದನ್ನೇ ಚುಚ್ಚಿ ಒಳಗಿನ ಸತ್ವವನ್ನು ಹೀರುತ್ತದೆ. ಆ ಊಟವಾದ ಮೇಲೆಯೇ ಅದು ಬಲಿತು, ಅದೇ ರಾಶಿಯ ನಡುವೆ ತನ್ನ ಮೊಟ್ಟೆಗಳನ್ನೂ ಇಡುತ್ತದೆ. ಅಮೆರಿಕದ ಪೂರ್ವ ಕರಾವಳಿಯ ನೀಲಿ ಏಡಿಯ ಕಿವಿರಿನಲ್ಲಿ ಬಿಳಿಚಿಕೊಂಡಿದ್ದ ಹುಳು ಮೊಟ್ಟೆ ತಿಂದ ಮೇಲೆ ಕೆಂಪಗಾಗುವುದರಿಂದ, ಆ ಬಣ್ಣ ನೋಡಿಯೇ ಏಡಿ ಹಿಂದೆ ಮೊಟ್ಟೆಯಿಟ್ಟಿತ್ತೆಂದು ಹೇಳಬಹುದು. 1980ರ ದಶಕದಲ್ಲಿ ಅಲಾಸ್ಕದ ಕೆಲವು ಕೊಲ್ಲಿಗಳಲ್ಲಿ ಕೆಂಪು ರಾಜ ಏಡಿಗಳ ಮೊಟ್ಟೆಗಳು ಹೆಚ್ಚುಕಡಿಮೆ ಪೂರ್ತಿಯಾಗಿ ಇಂಥ ಹುಳುಗಳ ಪಾಲಾದವು. 1989ರಲ್ಲಿ ಅವುಗಳಲ್ಲೊಂದಕ್ಕೆ ರಾಜಹಂತಕ ಎಂಬ ಅರ್ಥದ ಹೆಸರನ್ನೇ ಕೊಟ್ಟರು.

ದಾವಣಗೆರೆ ಜಿಲ್ಲೆಯ ಸಂತೇಬೆನ್ನೂರಿನ ಸುತ್ತಿನ ಗದ್ದೆಗಳ ಬದುವಿನಲ್ಲಿ ಬಿಲ ಕೊರೆಯುವ ಏಡಿಗೆ ಈ ಕಾಟವಿಲ್ಲ, ಏಕೆಂದರೆ ಹುಳು ಉಪ್ಪುನೀರಿನದು. ಸಿಹಿನೀರಿನ ಏಡಿ ಕಡಲ ಏಡಿಯಂತೆ ಲಕ್ಷಗಟ್ಟಲೆ ಮೊಟ್ಟೆಯಿಡದೆ ಕೆಲವೇ ದೊಡ್ಡ ಮೊಟ್ಟೆಗಳನ್ನು ಹೊರುತ್ತದೆ, ಅವುಗಳಿಂದ ಬರುವ ಮರಿಗಳು ತಾಯಿಯ ರೂಪವನ್ನೇ ಪಡೆದು ಕೆಲವು ಕಾಲ ಆ ಮುಚ್ಚಳದೊಳಗೇ ಉಳಿಯುತ್ತವೆ. ತಾಯಿಯ ಹೊಟ್ಟೆಯಡಿಯಲ್ಲಿ ಮಿಸುಕಾಡುವ ಈ ಮರಿಗಳನ್ನು ಕಂಡೇ, ಏಡಿಮರಿಗಳು ಹೆತ್ತವರನ್ನು ತಿನ್ನುತ್ತವೆ ಎಂಬ ಹಳೆಯ ನಂಬಿಕೆ ಹುಟ್ಟಿರಬೇಕು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ರಾಜಪುತ್ರರು ಏಡಿಗಳಂತೆ ತಂದೆಯನ್ನು ತಿನ್ನುವವರು ಎಂಬ ಭಾರದ್ವಾಜನ ಮತ ಬರುತ್ತದೆ. ಈ ಮರಿಗಳು ಯಾರನ್ನೂ ತಿನ್ನುತ್ತಿರಲಿಲ್ಲ. ತಾಯಿ ಅವುಗಳನ್ನು ಕಾಯುತ್ತಿತ್ತು. ಪ್ರಾಣಿಗಳ ನಡತೆಯಿಂದ ಧರ್ಮವನ್ನೋ ಅಧರ್ಮವನ್ನೋ ಹೆಕ್ಕಿ ತೆಗೆಯುವವರು ಈ ತಪ್ಪನ್ನು ನೆನಪಿಡುವುದು ಒಳ್ಳೆಯದು, ಹುಳುವನ್ನು ಕ್ರೂರಿ ಎನ್ನಲು ಹೊರಟವರಂತೂ ಮೊದಲು ನೆನಪಿಡಬೇಕು.

ಆರೋಪಕ್ಕೆ ಸೂತ್ರಕಾರರ ಉತ್ತರ ಸಾಪೇಕ್ಷತೆ, ಅಂದರೆ ಈಶ್ವರನು ಜೀವಿಗಳ ಕರ್ಮವನ್ನು ಅನುಸರಿಸಿಯೇ ಸೃಷ್ಟಿಸುತ್ತಾನೆ ಎಂಬುದು. ಶಂಕರರು ಕೊಡುವ ದೃಷ್ಟಾಂತ ಮಳೆಯದು: ಬತ್ತಕ್ಕೂ ಜವೆಗೋಧಿಗೂ ಮಳೆ ಒಂದೇ, ಭೇದವೆಲ್ಲ ಬೀಜದ್ದು. ಮೊಟ್ಟೆಗೆ ಎಲ್ಲಿಯ ಕರ್ಮ ಎಂದು ಕೇಳಿದರೆ, ಸಂಸಾರ ಅನಾದಿ, ಮೊದಲ ಜನ್ಮವೆಂಬುದೇ ಇಲ್ಲ ಎಂದು ಮುಂದಿನ ಸೂತ್ರ ಹೇಳುತ್ತದೆ. ತರ್ಕದಲ್ಲಿ ಇದಕ್ಕೆ ಬಿರುಕಿಲ್ಲ. ಆದರೆ ಅದು ದೇವರನ್ನು ಆರೋಪದಿಂದ ಬಿಡಿಸುತ್ತದೆಯೇ ಹೊರತು, ಒಂದೇ ರಾಶಿಯಲ್ಲಿ ಒತ್ತೊತ್ತಾಗಿ ಅಂಟಿಕೊಂಡ ಎರಡು ಮೊಟ್ಟೆಗಳಲ್ಲಿ ಒಂದು ಬರಿದಾಗಿ ಇನ್ನೊಂದು ಮರಿಯಾಗುವಾಗ ಬರಿದಾದುದರ ಕಡೆ ನೋಡುವ ಕಣ್ಣನ್ನು ಕೊಡುವುದಿಲ್ಲ.

ಭಕ್ತಿಯ ಮಾತು ಬೇರೆ ಕಡೆಯಿಂದ ಬರುತ್ತದೆ. ಕಲ್ಲಿನೊಳಗಿನ ಕಪ್ಪೆಗೂ ಆಹಾರ ಒದಗಿಸುವವನು ಇದ್ದಾನೆಂಬ ಕನಕದಾಸರ ಭರವಸೆ ಕನ್ನಡಿಗರಿಗೆ ಮನೆಮಾತು. ಸಂತೇಬೆನ್ನೂರಿನಲ್ಲಿ ಪಾಳೆಯಗಾರ ಕೆಂಗ ಹನುಮಪ್ಪ ನಾಯಕನ ಪುಷ್ಕರಿಣಿಯೂ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಹೆಸರಿಗೆ ಸೇರಿದ ಮುಸಾಫಿರ್‌ಖಾನೆಯೂ ಎದುರುಬದುರಾಗಿ ನಿಂತಿವೆ. ದಾರಿಹೋಕನ ತಂಗುದಾಣವಾದ ಆ ಕಟ್ಟಡದ ಹಿಂದಿರುವ ಧರ್ಮದಲ್ಲಿಯೂ ರಿಜ್ಕ್ ಎಂಬ ಮಾತಿದೆ, ಅಂದರೆ ನೆಲದ ಮೇಲಿನ ಪ್ರತಿ ಜೀವಿಯ ಅನ್ನದ ಹೊಣೆ ದೇವರದು ಎಂಬ ನಂಬಿಕೆ. ಎರಡೂ ಕಡೆ ಈ ಮಾತನ್ನು ಆಡುವುದು ಉಣ್ಣುವ ಜೀವದ ಬಾಯಿ. ಕಿವಿರಿನಲ್ಲಿ ಕಾಯುವ ಹುಳುವಿನ ಮಟ್ಟಿಗೆ ಭರವಸೆ ಅಕ್ಷರಶಃ ನಿಜವಾಗುತ್ತದೆ. ಅನ್ನವಾಗುವ ಮೊಟ್ಟೆಯ ಮಟ್ಟಿಗೆ ಅದೇ ಭರವಸೆಯನ್ನು ಹೇಗೆ ಹೇಳುವುದೆಂದು ತಿಳಿಯದು. ಭರವಸೆ ಸುಳ್ಳೆಂದು ಇದರಿಂದ ಸಿದ್ಧವಾಗುವುದಿಲ್ಲ, ಅದನ್ನು ಅನ್ನದ ಕಡೆಯಿಂದಲೂ ಒಮ್ಮೆ ಕೇಳಿಸಿಕೊಳ್ಳದೆ ಪೂರ್ತಿ ನಂಬಿದಂತಾಗುವುದಿಲ್ಲ ಎಂದಷ್ಟೇ ತೋರುತ್ತದೆ. ಬಸವಣ್ಣನವರು ದಯೆಯನ್ನು ಧರ್ಮದ ಮೂಲವೆಂದಾಗ ಅದನ್ನು ಕೇಳಿದ್ದು ಮನುಷ್ಯನಿಂದ. ಜಗತ್ತು ಹಾಗೆ ನಡೆಯುತ್ತಿದೆ ಎಂಬ ವರ್ಣನೆ ಅದಲ್ಲ.

ಮೊಟ್ಟೆ ಹೊತ್ತ ಏಡಿ ಆಗಾಗ ಮುಚ್ಚಳವನ್ನು ತೆರೆದು ಬಡಿಯುತ್ತದೆ, ರಾಶಿಯೊಳಗೆ ಹೊಸ ನೀರು ಹಾಯಿಸುತ್ತದೆ. ಹಾಗೆ ಮಾಡದಿದ್ದರೆ ನಡುವಿನ ಮೊಟ್ಟೆಗಳು ಉಸಿರಿಲ್ಲದೆ ಸಾಯುತ್ತವೆ. ಶಂಕರರ ಮಳೆಯಂತೆ ಆ ನೀರು ಒಂದೇ: ಅದರಿಂದ ಏಡಿಯ ಮೊಟ್ಟೆಯೂ ಬದುಕುತ್ತದೆ, ಪಕ್ಕದಲ್ಲೇ ಹುಳು ಇಟ್ಟ ಮೊಟ್ಟೆಯೂ ಬದುಕುತ್ತದೆ.